ನಿಮಗಿದು ಗೊತ್ತೆ? ಸೂಪರ್ ಬೌಲ್ ಟ್ರೋಫಿಗೆ ಶಾಲಾ ಶಿಕ್ಷಕರ ಹೆಸರು!

ಅಮೆರಿಕನ್ ಫುಟ್‌ಬಾಲ್, ಅಂದರೆ ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಎಸೆಯುತ್ತ ಆಡುವ ಆಟದ ವೃತ್ತಿಪರ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಗೆದ್ದ ತಂಡಕ್ಕೆ ನೀಡಲಾಗುವ ಟ್ರೋಫಿಯು, ಒಂದು ಕಾಲಕ್ಕೆ ಪ್ರೌಢಶಾಲೆಯಲ್ಲಿ ಲ್ಯಾಟಿನ್, ಭೌತವಿಜ್ಞಾನ ಮತ್ತು ರಸಾಯನವಿಜ್ಞಾನಗಳನ್ನು ಬೋಧಿಸುತ್ತಿದ್ದ ವಿನ್ಸ್ ಲೊಂಬಾರ್ಡಿ (1913–1970) ಅವರ ಹೆಸರನ್ನು ಹೊತ್ತಿದೆ.

ನ್ಯೂಯಾರ್ಕಿನ ಫೋರ್ಡಮ್ ವಿಶ್ವವಿದ್ಯಾಲಯದ ತಂಡದಲ್ಲಿ ಅವರು ಗಾರ್ಡ್, ಅಂದರೆ ಎದುರಾಳಿಗಳನ್ನು ತಡೆದು ಚೆಂಡು ಹಿಡಿದವನಿಗೆ ದಾರಿ ಮಾಡಿಕೊಡುವ ಆಟಗಾರರಾಗಿದ್ದರು. ಭೇದಿಸಲು ಕಷ್ಟವಾದ ಆ ತಂಡದ ಮುಂಚೂಣಿಯ ಏಳು ಮಂದಿ 'ಏಳು ಗ್ರಾನೈಟ್ ಬಂಡೆಗಳು' ಎಂದೇ ಪ್ರಸಿದ್ಧರಾಗಿದ್ದರು.

1937ರಲ್ಲಿ ಪದವಿ ಪಡೆದ ಲೊಂಬಾರ್ಡಿ, 1939ರಲ್ಲಿ ನ್ಯೂಜೆರ್ಸಿಯ ಎಂಗಲ್‌ವುಡ್ ಪಟ್ಟಣದ ಸೇಂಟ್ ಸಿಸಿಲಿಯಾ ಶಾಲೆಯನ್ನು ಸೇರಿ, ಎಂಟು ವರ್ಷಗಳ ಕಾಲ ಪಾಠ ಹೇಳುವುದರ ಜೊತೆಗೆ ಅಲ್ಲಿನ ವಿದ್ಯಾರ್ಥಿಗಳ ಫುಟ್‌ಬಾಲ್ ತಂಡಕ್ಕೂ ತರಬೇತಿ ನೀಡಿದರು.

ಮುಂದೆ 1959ರಿಂದ 1967ರವರೆಗೆ ಗ್ರೀನ್ ಬೇ ಪ್ಯಾಕರ್ಸ್ ತಂಡದ ಮುಖ್ಯ ತರಬೇತುದಾರರಾಗಿದ್ದಾಗ, ಮೊದಲ ಎರಡು ಸೂಪರ್ ಬೌಲ್‌ಗಳನ್ನಲ್ಲದೆ, ಒಟ್ಟು ಐದು ಲೀಗ್ ಪ್ರಶಸ್ತಿಗಳನ್ನು ಅವರು ಆ ತಂಡಕ್ಕೆ ಗೆದ್ದುಕೊಟ್ಟರು. 1970ರ ಸೆಪ್ಟೆಂಬರ್‌ನಲ್ಲಿ ಅವರು ಕ್ಯಾನ್ಸರ್‌ನಿಂದ ನಿಧನರಾದ ಬಳಿಕ ಟ್ರೋಫಿಗೆ ಅವರ ಹೆಸರನ್ನಿಡಲಾಯಿತು.