ಮೂರು ಸಿಮ್ಮಿನ ಲೆಕ್ಕ: ಮನೆಗೆ ಫೈಬರ್ ಹಾಕಿಸುವ ಮೊದಲು

ಕ್ಯಾಲೆಂಡರ್ ಪ್ರಕಾರ ವರ್ಷಕ್ಕೆ 12 ತಿಂಗಳು. ಮೊಬೈಲ್ ರೀಚಾರ್ಜ್ ಪ್ರಕಾರ 13. ಒಂದು ಪ್ಲಾನ್‌ಗೆ 28 ದಿನ ಅಂತ ಹಿಡಿದು 365ನ್ನು ಭಾಗಿಸಿ ನೋಡಿ, ಉತ್ತರ ಹದಿಮೂರೇ. ಆ ಹದಿಮೂರನೇ ರೀಚಾರ್ಜ್ ನಮ್ಮ ತಿಂಗಳ ಬಜೆಟ್‌ನಲ್ಲಿ ಎಲ್ಲೂ ಇರುವುದಿಲ್ಲ, ದುಡ್ಡು ಮಾತ್ರ ಹೋಗಿರುತ್ತದೆ. ಹಾಗಾಗಿ ಮನೆಯ ಫೋನು, ನೆಟ್ಟಿನ ಖರ್ಚು ಕಡಿಮೆ ಮಾಡಬೇಕು ಅನ್ನುವವರು ಮೊದಲು ಬಿಡಬೇಕಾದದ್ದು ತಿಂಗಳ ಲೆಕ್ಕ. ವರ್ಷದ ಲೆಕ್ಕ ಹಾಕಬೇಕು, ಅದೂ ಒಬ್ಬರದ್ದಲ್ಲ, ಇಡೀ ಮನೆಯದ್ದು.

ನನ್ನ ಕೆಲಸ ಬೆಂಗಳೂರಿನಲ್ಲಿ, ಮನೆ ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿಯಲ್ಲಿ. (ದೇವರ ಹಿಪ್ಪರಗಿ ಬೇರೆ, ನಮ್ಮದು ಬೇರೆ. ಕೊರಿಯರ್‌ನವರಿಗೆ ಹೇಳಿ ಹೇಳಿ ಸಾಕಾಗಿದೆ.) ತಿಂಗಳಿಗೆ ಹತ್ತು ದಿನ ಮನೆಯಿಂದ ಕೆಲಸ ಮಾಡಬಹುದು ಎಂದು ಆಫೀಸಿನಲ್ಲಿ ಒಪ್ಪಿದರು. ಅಜ್ಜಿಗೆ ವಯಸ್ಸಾಗಿದೆ. ತಮ್ಮ ಪಿಎಸ್‌ಐ ಪರೀಕ್ಷೆಗೆ ಆನ್‌ಲೈನ್ ಕ್ಲಾಸ್ ಕೇಳಿಕೊಂಡು ಓದುತ್ತಿದ್ದಾನೆ. ಆ ಹತ್ತು ದಿನ ಊರಲ್ಲಿ ಇರಬೇಕೆಂದರೆ ಮೀಟಿಂಗ್ ನಡುವೆ ಕಟ್ ಆಗದ ನೆಟ್ ಬೇಕು. ಅಪ್ಪ ಕೇಳಿದ್ದು ಒಂದೇ ಮಾತು: "ಇದರಿಂದ ರೊಕ್ಕ ಉಳಿತೈತೋ, ಇನ್ನಷ್ಟ ಹೋಗ್ತೈತೋ?"

ಕೇಳಬೇಕಾದ ಪ್ರಶ್ನೆಯೇ. "ಫೈಬರ್ ಹಾಕಿಸಿಬಿಡ್ರಿ, ಅಗ್ಗ ಆಗತೈತಿ" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಹಾಳೆ, ಪೆನ್ನು ಹಿಡಿದು ಕೂತರೆ ಉತ್ತರ ಅಷ್ಟು ಸಲೀಸಾಗಿಲ್ಲ.

ಮೊದಲು, ಈಗ ಎಷ್ಟು ಹೋಗುತ್ತಿದೆ?

ಮನೆಯಲ್ಲಿ ನಾಲ್ಕು ಫೋನು: ಅಪ್ಪ, ಅವ್ವ, ಅಜ್ಜಿ, ತಮ್ಮ. ನನ್ನದು ಎಲ್ಲಿದ್ದರೂ ಅಷ್ಟೇ ಖರ್ಚು, ಹಾಗಾಗಿ ಲೆಕ್ಕಕ್ಕಿಲ್ಲ. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದವು. ಜಿಯೋದ ದಿನಕ್ಕೆ 1.5 ಜಿಬಿ, 28 ದಿನದ ಪ್ಲಾನ್ 239 ರೂಪಾಯಿಯಿಂದ 299ಕ್ಕೆ ಹೋಯಿತು. ಆ 299ನ್ನೇ ಅಳತೆಗೋಲು ಮಾಡಿಕೊಳ್ಳೋಣ. ವರ್ಷಕ್ಕೆ 13 ಸಲ ಎಂದರೆ ಒಂದು ಸಿಮ್‌ಗೆ 3,887 ರೂ. ನಾಲ್ಕಕ್ಕೆ 15,548 ರೂ.

ಇನ್ನೂರು, ಮುನ್ನೂರು ಅಂತ ಬಿಡಿಬಿಡಿಯಾಗಿ ಹೋಗುವಾಗ ಯಾರಿಗೂ ಭಾರ ಅನ್ನಿಸದ ದುಡ್ಡು ಇದು. ನಾಲ್ಕರ ದಿನಾಂಕವೂ ಬೇರೆ ಬೇರೆ ಇರುವುದರಿಂದ ಒಟ್ಟು ಮೊತ್ತ ಒಮ್ಮೆಯೂ ಕಣ್ಣಿಗೆ ಬೀಳುವುದಿಲ್ಲ. ಅಂದಹಾಗೆ, 30 ದಿನದ ಒಂದು ಪ್ಲಾನು ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಒಂದು ಪ್ಲಾನು ಇಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರಲ್ಲೇ ಕಂಪನಿಗಳಿಗೆ ಹೇಳಿದೆ. ಕೇಳಿ ಪಡೆಯಬಹುದು. ಆದರೆ ದಿನಕ್ಕೆ ಎಷ್ಟು ಬೀಳುತ್ತದೆ ಎಂದು ಭಾಗಿಸಿ ನೋಡಿಯೇ ಹಾಕಿಸಿ.

ಮಾತಿಗಷ್ಟೇ ದುಡ್ಡು

ಅವ್ವ, ಅಜ್ಜಿ ಫೋನ್ ಹಿಡಿದು ಹೊರಗೆ ಹೋಗುವುದು ಕಡಿಮೆ. ನೆಟ್ ಬೇಕಾಗುವುದು ಮನೆಯೊಳಗೆ: ಅವ್ವನಿಗೆ ವಾಟ್ಸ್ಯಾಪ್, ಅಜ್ಜಿಗೆ ರಾತ್ರಿ ಯೂಟ್ಯೂಬ್‌ನಲ್ಲಿ ವಿಜಯಪುರದ ಸಿದ್ದೇಶ್ವರ ಸ್ವಾಮೀಜಿಯವರ ಪ್ರವಚನ. ಮನೆಯಲ್ಲಿ ವೈಫೈ ಇದ್ದರೆ ಅವರ ಸಿಮ್‌ಗೆ ಡೇಟಾ ಯಾಕೆ?

ಡೇಟಾ ಬೇಡದವರಿಗಾಗಿ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. 2025ರ ಜನವರಿಯಲ್ಲಿ ಕಂಪನಿಗಳು ಅಂಥ ಪ್ಯಾಕ್ ತಂದವು. ಏರ್‌ಟೆಲ್‌ನದು 365 ದಿನಕ್ಕೆ 1,849 ರೂ., ಜಿಯೋದ್ದು 1,748 ರೂ. ನೋಡಿದ ಕೂಡಲೇ ಜಿಯೋದ್ದೇ ಅಗ್ಗ ಅನ್ನಿಸುತ್ತದೆ. ಆದರೆ ಅದು 336 ದಿನಕ್ಕೆ. ಭಾಗಿಸಿದರೆ ಜಿಯೋ ದಿನಕ್ಕೆ 5 ರೂಪಾಯಿ 20 ಪೈಸೆ, ಏರ್‌ಟೆಲ್ 5 ರೂಪಾಯಿ 7 ಪೈಸೆ. ವ್ಯತ್ಯಾಸ ಸಣ್ಣದು. ಆದರೆ ಬೆಲೆಯನ್ನು ದಿನದಿಂದ ಭಾಗಿಸದೆ ಪ್ಲಾನ್ ಹೋಲಿಸಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

299ರ ಪ್ಲಾನ್ ಬಿಟ್ಟು 1,849ರ ಪ್ಯಾಕ್‌ಗೆ ಬಂದರೆ ಒಂದು ಸಿಮ್‌ಗೆ ವರ್ಷಕ್ಕೆ 2,038 ರೂ. ಉಳಿಯುತ್ತದೆ.

ಮೂರು ಸಿಮ್ಮಿನ ನಿಯಮ

ಈಗ ಫೈಬರ್. 399 ರೂಪಾಯಿಗೆ 30 ಎಂಬಿಪಿಎಸ್ ಎಂಬ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಮೊಬೈಲ್ ರೀಚಾರ್ಜ್ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ, ಆದರೆ ಬ್ರಾಡ್‌ಬ್ಯಾಂಡ್ ಜಾಹೀರಾತಿನ ಬೆಲೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಶೇ 18 ಜಿಎಸ್‌ಟಿ ಸೇರಿಸಿದರೆ 399 ಅನ್ನೋದು 471 ಆಗುತ್ತದೆ, ವರ್ಷಕ್ಕೆ ಸುಮಾರು 5,650 ರೂ.

ಒಂದು ಸಿಮ್‌ನಿಂದ ಉಳಿಯುವುದು 2,038. ಅಂದರೆ ಫೈಬರ್ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕಾದರೆ ಮನೆಯಲ್ಲಿ ಕನಿಷ್ಠ ಮೂರು ಸಿಮ್ ಡೇಟಾ ಬಿಡಬೇಕು. ಮೂರು ಬಿಟ್ಟರೆ 6,114 ಉಳಿಯುತ್ತದೆ, ಫೈಬರ್‌ನ 5,650 ಕಳೆದು 464 ರೂಪಾಯಿ ಲಾಭ. ಎರಡೇ ಬಿಟ್ಟರೆ ನಷ್ಟ. ಗಂಡ ಹೆಂಡತಿ ಇಬ್ಬರೇ ಇರುವ, ಇಬ್ಬರೂ ದಿನವಿಡೀ ಹೊರಗೆ ದುಡಿಯುವ ಮನೆಯಲ್ಲಿ ಬರೀ ಉಳಿತಾಯಕ್ಕೆ ಅಂತ ಫೈಬರ್ ಹಾಕಿಸುವುದರಲ್ಲಿ ಅರ್ಥ ಇಲ್ಲ.

ಯಾರ ಸಿಮ್ ಮುಟ್ಟಬಾರದು

ನಮ್ಮ ಮನೆಯಲ್ಲಿ ಮೂರನೇ ಸಿಮ್ ಯಾರದ್ದು? ತಮ್ಮ ಓದೋದಕ್ಕೆ ಬಾಗೇವಾಡಿಗೆ ಹೋಗಿ ಬರುತ್ತಾನೆ, ಅವನಿಗೆ ದಾರಿಯಲ್ಲೂ ನೆಟ್ ಬೇಕು. ಉಳಿದವರು ಅಪ್ಪ. ಅವರು ಯೂಟ್ಯೂಬ್ ನೋಡೋದು ಮನೆಯಲ್ಲೇ, ಹೊರಗೆ ಹೆಚ್ಚು ನೆಟ್ ಬೇಡ. ಆದರೆ ಸಂತೆಯಲ್ಲಿ, ಗೊಬ್ಬರದ ಅಂಗಡಿಯಲ್ಲಿ ಫೋನ್‌ಪೇ ಮಾಡುತ್ತಾರೆ. ಡೇಟಾ ಇಲ್ಲದ ಸಿಮ್‌ನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕಳಿಸಲು ಆಗುವುದಿಲ್ಲ. ಇಂಟರ್ನೆಟ್ ಇಲ್ಲದೆ *99# ಒತ್ತಿ ಯುಪಿಐ ಮಾಡುವ ದಾರಿ ಇದೆ ನಿಜ. ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಮೆನು ಓದಿ ನಂಬರ್ ಒತ್ತುತ್ತಾ ನಿಲ್ಲೋದು ಅಪ್ಪನಿಂದ ಆಗದ ಮಾತು.

ಅಪ್ಪನಿಗೆ ನಡುವಿನ ದಾರಿ ಸಿಕ್ಕಿತು. ಏರ್‌ಟೆಲ್‌ನ 199ರಂಥ ಪ್ಲಾನ್‌ನಲ್ಲಿ 28 ದಿನ ಕರೆ ಮತ್ತು ಒಟ್ಟು 2 ಜಿಬಿ ಡೇಟಾ. ಯುಪಿಐಗೆ, ಹೊರಗೆ ನಾಲ್ಕು ವಾಟ್ಸ್ಯಾಪ್ ಮೆಸೇಜಿಗೆ ಅಷ್ಟು ಸಾಕು. ವರ್ಷಕ್ಕೆ 2,587 ರೂ., ಅಂದರೆ 1,300 ಉಳಿಯಿತು.

ಒಟ್ಟು ಹೀಗಾಯಿತು:

ಅವ್ವ, ಅಜ್ಜಿ ಸಿಮ್‌ನಿಂದ ಉಳಿದದ್ದು: 4,076 ರೂ.
ಅಪ್ಪನ ಸಿಮ್‌ನಿಂದ: 1,300 ರೂ.
ಫೈಬರ್ ಖರ್ಚು: 5,650 ರೂ.
ಕೈಯಿಂದ ಹೆಚ್ಚಿಗೆ ಹೋಗುವುದು: ವರ್ಷಕ್ಕೆ 274 ರೂ.

ಡಿಟಿಎಚ್ ಬಿಟ್ಟು ಟಿವಿಯನ್ನೂ ನೆಟ್ ಮೇಲೆ ನಡೆಸಿದರೆ ಲಾಭಕ್ಕೇ ಬರುತ್ತಿತ್ತು. ಆದರೆ ಅವ್ವನ ಸಂಜೆಯ ಧಾರಾವಾಹಿ ಮುಟ್ಟುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಹಾಳೆಯನ್ನು ಅಪ್ಪನ ಮುಂದಿಟ್ಟೆ. "ಉಳಿಯಂಗಿಲ್ಲ ಅಂತ ಸೀದಾ ಹೇಳಿದಿ, ಚಲೋ ಆತು. ಇನ್ನೂರಾ ಎಪ್ಪತ್ನಾಕ ರೂಪಾಯಿಗೆ ನೀ ತಿಂಗಳಿಗೆ ಹತ್ತ ದಿನ ಮನ್ಯಾಗ ಇರ್ತೀ ಅಂದ್ರ, ಹಾಕಸು" ಅಂದರು.

ಎಷ್ಟು ಸ್ಪೀಡ್ ಸಾಕು?

ದುಡ್ಡು ಹೆಚ್ಚು ಸೋರುವ ಜಾಗ ಇದು. "100 ತಗೋರಿ, 200 ತಗೋರಿ" ಅನ್ನುತ್ತಾರೆ. ಒಂದು ಒಳ್ಳೆಯ ವಿಡಿಯೊ ಕಾಲ್‌ಗೆ ನಾಲ್ಕು ಎಂಬಿಪಿಎಸ್ ಆದರೆ ಆಯಿತು. ಫುಲ್ ಎಚ್‌ಡಿ ಸಿನಿಮಾಕ್ಕೆ ಐದು ಸಾಕು ಎಂದು ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. ನನ್ನ ಮೀಟಿಂಗ್, ತಮ್ಮನ ಕ್ಲಾಸ್, ಅಜ್ಜಿಯ ಪ್ರವಚನ ಮೂರೂ ಒಟ್ಟಿಗೆ ನಡೆದರೂ ಇಪ್ಪತ್ತು ದಾಟುವುದಿಲ್ಲ. 30 ಸಾಕು. ಮನೆಯಿಂದ ಕೆಲಸ ಮಾಡುವವರು ಕೇಳಬೇಕಾದ ಇನ್ನೊಂದು ಪ್ರಶ್ನೆ ಅಪ್‌ಲೋಡ್ ವೇಗ ಎಷ್ಟು ಅನ್ನೋದು. ನಮ್ಮ ಮುಖ, ಮಾತು ಎದುರಿನವರಿಗೆ ಹೋಗುವುದು ಅದರ ಮೇಲೆ.

"ಅನ್‌ಲಿಮಿಟೆಡ್" ಅನ್ನುವ ಮಾತಿಗೂ ಮಿತಿ ಇದೆ. ಈ ದರದ ಫೈಬರ್ ಪ್ಲಾನ್‌ಗಳಲ್ಲಿ ಅದು ಸಾಮಾನ್ಯವಾಗಿ ತಿಂಗಳಿಗೆ 3,300 ಜಿಬಿ, ನಮ್ಮಂಥ ಮನೆ ಮುಟ್ಟುವುದೇ ಇಲ್ಲ. ತಂತಿ ಇಲ್ಲದೆ 5ಜಿ ಸಿಗ್ನಲ್ ಮೇಲೆ ನಡೆಯುವ ಏರ್‌ಫೈಬರ್‌ನಲ್ಲಿ ಮಿತಿ 1,000 ಜಿಬಿ. ಜಿಯೋ 2023ರ ಸೆಪ್ಟೆಂಬರ್‌ನಲ್ಲಿ ಇದನ್ನು ಶುರು ಮಾಡಿದಾಗ 30 ಎಂಬಿಪಿಎಸ್ ಪ್ಲಾನ್‌ಗೆ 599 ಇಟ್ಟಿತ್ತು, ತೆರಿಗೆ ಸೇರಿ 707. ತಂತಿಯ ಪ್ಲಾನ್‌ಗಿಂತ ವರ್ಷಕ್ಕೆ 2,800 ರೂಪಾಯಿಗೂ ಹೆಚ್ಚು. ನಿಮ್ಮ ಓಣಿಗೆ ತಂತಿ ಬರುವುದೇ ಇಲ್ಲ ಅಂದಾಗ ಮಾತ್ರ ಆ ಕಡೆ ನೋಡಿ.

ರಿಪೇರಿಗೆ ಯಾರು ಬರ್ತಾರೆ?

ಬೆಲೆಪಟ್ಟಿಯಲ್ಲಿ ಇಲ್ಲದ, ಆದರೆ ಹಳ್ಳಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೇ ಮುಂದೆ ಭಾರತ್‌ನೆಟ್ ಎಂದು ಹೆಸರಾಯಿತು. ಆದರೆ ಪಂಚಾಯಿತಿ ಕಟ್ಟಡದ ತನಕ ತಂತಿ ಬಂದರೆ ನಮ್ಮ ಓಣಿಗೆ ಬಂದಂತಲ್ಲ. ಅಲ್ಲಿಂದ ಮನೆಯ ತನಕ ಕಂಬದಿಂದ ಕಂಬಕ್ಕೆ ಎಳೆಯುವವರು ಹೆಚ್ಚಾಗಿ ಊರಿನ ಕೇಬಲ್‌ನವರೇ, ಹೆಸರು ಯಾವ ಕಂಪನಿಯದ್ದೇ ಇರಲಿ.

ನಮ್ಮ ಪರಿಚಯದ ಒಂದು ಮನೆಯಲ್ಲಿ ಚರಂಡಿ ತೋಡುವಾಗ ತಂತಿ ಕಡಿಯಿತು. ಒಂಬತ್ತು ದಿನ ಯಾರೂ ಬರಲಿಲ್ಲ. ಆ ಮನೆಯವರು ಮತ್ತೆ ನಾಲ್ಕು ಫೋನಿಗೂ ಡೇಟಾ ಹಾಕಿಸಿದರು. ಅಗ್ಗ ಅಂತ ತಗೊಂಡ ನೆಟ್ ಆ ತಿಂಗಳು ಎರಡು ಪಟ್ಟಾಯಿತು.

ಹಾಗಾಗಿ ಸಹಿ ಹಾಕುವ ಮೊದಲು ಇಷ್ಟು ಕೇಳಿ:

• ತಂತಿ ಕಡಿದರೆ ಬರುವವರು ಯಾರು? ಊರಲ್ಲೇ ಇರುತ್ತಾರಾ, ತಾಲ್ಲೂಕಿನಿಂದ ಬರಬೇಕಾ? ಅದೇ ಓಣಿಯಲ್ಲಿ ಹಾಕಿಸಿದ ಎರಡು ಮನೆಯವರನ್ನು ವಿಚಾರಿಸಿ.
• ಹೆಸ್ಕಾಂ ಕರೆಂಟ್ ಹೋದಾಗ ಆ ಕಡೆಯ ಉಪಕರಣಕ್ಕೆ ಬ್ಯಾಟರಿ ಇದೆಯಾ? ಅಲ್ಲಿ ಇಲ್ಲದಿದ್ದರೆ ನಮ್ಮ ಮನೆಯಲ್ಲಿ ರೌಟರ್‌ಗೆ ಯುಪಿಎಸ್ ಇಟ್ಟೂ ಪ್ರಯೋಜನ ಇಲ್ಲ. ಅಲ್ಲಿ ಇದೆ ಅಂದರೆ ಮಾತ್ರ ರೌಟರ್‌ನ ವೋಲ್ಟೇಜ್ ನೋಡಿ ಸಣ್ಣ ಯುಪಿಎಸ್ ತನ್ನಿ.
• ರೌಟರ್ ಯಾರದ್ದು? ಠೇವಣಿ ಎಷ್ಟು? ಬಿಟ್ಟರೆ ವಾಪಸ್ ಬರುತ್ತದಾ? ರಸೀದಿ ಇಟ್ಟುಕೊಳ್ಳಿ.
• ಅಳವಡಿಕೆ ಶುಲ್ಕ ಎಷ್ಟು?

ಆರು ತಿಂಗಳ, ವರ್ಷದ ದುಡ್ಡು ಒಟ್ಟಿಗೆ ಕೊಟ್ಟರೆ ಅಳವಡಿಕೆ ಶುಲ್ಕ ಬಿಡುತ್ತೇವೆ ಅನ್ನುತ್ತಾರೆ. ಮೊದಲು ತಿಂಗಳ ಲೆಕ್ಕದಲ್ಲಿ ನಡೆಸಿ. ಒಂದು ಮಳೆಗಾಲ ದಾಟಲಿ. ತಂತಿ ಗಟ್ಟಿ ಇದೆ, ಹುಡುಗ ಫೋನ್ ಎತ್ತುತ್ತಾನೆ ಅಂತ ಖಾತ್ರಿಯಾದ ಮೇಲೆ ವರ್ಷದ್ದು ಕೊಡಿ. ಕೆಟ್ಟಾಗ ಬರೀ ಫೋನ್‌ನಲ್ಲಿ ಗೊಣಗದೆ ಕಂಪನಿಯ ಸಹಾಯವಾಣಿಯಲ್ಲಿ ದೂರು ಬರೆಸಿ ಅದರ ಸಂಖ್ಯೆ ಇಟ್ಟುಕೊಳ್ಳಿ. ಮೂರು ದಿನ ಮೀರಿದರೂ ರಿಪೇರಿಯಾಗದಿದ್ದರೆ ಬಾಡಿಗೆಯಲ್ಲಿ ಕಡಿತ ಕೇಳಲು ಟ್ರಾಯ್ ನಿಯಮವೇ ಇದೆ. ದೂರು ಸಂಖ್ಯೆ ಇಲ್ಲದವರಿಗೆ ಅದನ್ನು ಕೇಳಲು ಆಧಾರ ಇರುವುದಿಲ್ಲ.

ನಂಬರ್ ಹುಷಾರು

ಅಗ್ಗದ ಪ್ಯಾಕ್‌ಗಾಗಿ ಕಂಪನಿ ಬದಲಿಸಬೇಕಾದರೆ ನಂಬರ್ ಬದಲಿಸಬೇಕಿಲ್ಲ. ಈ ಸೌಲಭ್ಯ ದೇಶಕ್ಕೆಲ್ಲ ಬಂದದ್ದು 2011ರ ಜನವರಿಯಲ್ಲಿ. ಇಂಗ್ಲಿಷ್‌ನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ಮೊಬೈಲ್ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಕೋಡ್ ಬರುತ್ತದೆ. ಅದು ನಾಲ್ಕು ದಿನ ನಡೆಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಅದಕ್ಕೂ ಮೊದಲು, ಹೊಸ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರನ್ನು ಕರೆದು ನಮ್ಮ ಅಡುಗೆಮನೆಯಲ್ಲಿ, ನಡುಮನೆಯಲ್ಲಿ, ಹೊಲದಲ್ಲಿ ಸಿಗ್ನಲ್ ಬರುತ್ತದಾ ನೋಡಿ. ಮನೆಯೊಳಗೆ ಸಿಗ್ನಲ್ ಕಡಿಮೆಯಿದ್ದು ಫೈಬರ್ ಇದ್ದರೆ ಫೋನ್ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಕರೆಗಳು ವೈಫೈ ಮೂಲಕವೇ ಬರುತ್ತವೆ.

ಅವ್ವನ ನಂಬರ್ ಬ್ಯಾಂಕಿಗೆ, ಆಧಾರ್‌ಗೆ ಜೋಡಿಸಿದ್ದು. ಗೃಹಲಕ್ಷ್ಮಿಯ 2,000 ರೂಪಾಯಿ ಜಮಾ ಆದ ಮೆಸೇಜು ಬರುವುದು ಅದಕ್ಕೇ. ಮನೆಯಲ್ಲಿ ವೈಫೈ ಇದೆ, ವಾಟ್ಸ್ಯಾಪ್ ಕಾಲ್ ಬರುತ್ತದೆ ಎಂದು ಹಿರಿಯರ ಸಿಮ್‌ಗೆ ರೀಚಾರ್ಜ್ ನಿಲ್ಲಿಸಿಬಿಡುವವರನ್ನು ನೋಡಿದ್ದೇನೆ. 90 ದಿನ ಬಳಸದೆ ಬಿಟ್ಟರೆ ನಂಬರ್ ಹೋಗುವ ಅಪಾಯ ಇದೆ. ನಂಬರ್ ಹೋದರೆ ಬ್ಯಾಂಕು, ಆಧಾರ್ ಕೇಂದ್ರ ಅಂತ ಅಲೆಯಬೇಕಾದವರು ಅವರೇ.

ದರಗಳು ಬದಲಾಗುತ್ತಿರುತ್ತವೆ. ನೀವು ಲೆಕ್ಕಕ್ಕೆ ಕೂರುವ ದಿನದ ದರವನ್ನು ಟ್ರಾಯ್‌ನ ದರ ಹೋಲಿಕೆ ಪುಟದಲ್ಲೋ ಕಂಪನಿಯ ಆ್ಯಪ್‌ನಲ್ಲೋ ನೋಡಿಕೊಳ್ಳಿ. ಮುಂದಿನ ಸಲ ಊರಿಗೆ ಹೋದಾಗ ಒಂದು ಹಾಳೆಯಲ್ಲಿ ಮನೆಯ ಪ್ರತಿ ನಂಬರ್, ಅದರ ಪ್ಲಾನ್, ವರ್ಷದ ಮೊತ್ತ ಬರೆಯಿರಿ. ಪಕ್ಕದಲ್ಲಿ "ಹೊರಗೆ ನೆಟ್ ಬೇಕಾ?" ಎಂದು ಒಬ್ಬೊಬ್ಬರನ್ನೂ ಕೇಳಿ ಹೌದು, ಇಲ್ಲ ಹಾಕಿ. "ಇಲ್ಲ" ಮೂರು ಬಂದರೆ ಫೈಬರ್‌ನವರಿಗೆ ಫೋನ್ ಮಾಡಿ. ಒಂದೋ ಎರಡೋ ಬಂದರೆ, ಹೆಚ್ಚಿಗೆ ಹೋಗುವ ದುಡ್ಡು ಎಷ್ಟು, ಅದರಿಂದ ಮನೆಗೆ ಏನು ಬರುತ್ತದೆ ಎಂದು ಎಲ್ಲರೂ ಕೂತು ಮಾತಾಡಿ. ಒಂದೂ ಬರದಿದ್ದರೆ ಇರುವುದನ್ನೇ ಮುಂದುವರಿಸಿ, ಬರೀ ದಿನದ ಲೆಕ್ಕ ನೋಡಿ ಪ್ಲಾನ್ ಬದಲಿಸಿ.