ಕತ್ತರಿಸದೆ ಕಣದ ಒಳಗನ್ನು ನೋಡುವ ವಿದ್ಯೆ



ಭೌತಶಾಸ್ತ್ರ ಅಥವಾ ಗಣಿತದಲ್ಲಿ ಬಿ.ಎಸ್ಸಿ. ಓದಿದರೆ ಮುಂದೇನು ಎಂಬ ಪ್ರಶ್ನೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮನೆಗಳಲ್ಲಿ ಸಹಜ. ಅದಕ್ಕೊಂದು ಉತ್ತರವಾಗಿ ಈ ಬಾರಿ ಎಕ್ಸ್-ರೇ ಟೊಮೊಗ್ರಫಿಯನ್ನು ಪರಿಚಯಿಸುತ್ತಿದ್ದೇವೆ.

ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಎಲ್ಲರಿಗೂ ಗೊತ್ತು. ಅಲ್ಲಿ ರೋಗಿ ಮಲಗಿರುತ್ತಾರೆ, ಯಂತ್ರ ಸುತ್ತುತ್ತದೆ. ಸಣ್ಣ ಕಣಗಳ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಣವನ್ನೇ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನೂರಾರು ಎಕ್ಸ್-ರೇ ಚಿತ್ರ ತೆಗೆಯುತ್ತಾರೆ. ಕಂಪ್ಯೂಟರ್ ಅವನ್ನು ಗಣಿತದಿಂದ ಜೋಡಿಸಿ, ಕಣದ ಒಳಹೊರಗನ್ನು ಮೂರು ಆಯಾಮಗಳಲ್ಲಿ ತೋರಿಸುತ್ತದೆ.

ಕತ್ತರಿಸಿ ನೋಡಿದರೆ ಸಾಲದೇ? ಅಕ್ಕಿಕಾಳನ್ನು ಅಡ್ಡ ಕತ್ತರಿಸಿದರೆ ಗುಂಡಗೆ ಕಾಣುತ್ತದೆ, ಉದ್ದಕ್ಕೆ ಸೀಳಿದರೆ ನೀಳವಾಗಿ ಕಾಣುತ್ತದೆ. ಒಂದೇ ಸೀಳನ್ನು ನಂಬಿದರೆ ಆಕಾರದ ಲೆಕ್ಕ ತಪ್ಪುತ್ತದೆ. ಕತ್ತರಿಸಿದ ಕಣ ಮತ್ತೆ ಮೊದಲಿನಂತಾಗುವುದೂ ಇಲ್ಲ.

ಜಪಾನಿನ ಹಯಬುಸಾ ನೌಕೆಯ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. 2005ರಲ್ಲಿ ಅದು ಇಟೊಕಾವಾ ಎಂಬ ಕ್ಷುದ್ರಗ್ರಹದ ಮೇಲಿಳಿದು, 2010ರ ಜೂನ್‌ನಲ್ಲಿ ಅಲ್ಲಿನ ಧೂಳನ್ನು ಭೂಮಿಗೆ ತಲುಪಿಸಿತು. ಹೆಚ್ಚಿನ ಕಣಗಳು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕವು. ಹಾಳಾದರೆ ಬದಲಿ ಇಲ್ಲ. ಹೀಗಾಗಿ ಸುಮಾರು 40 ಕಣಗಳನ್ನು ಜಪಾನಿನ ಸ್ಪ್ರಿಂಗ್-8 ಕೇಂದ್ರದ ಪ್ರಬಲ ಎಕ್ಸ್-ರೇ ಕಿರಣಗಳಲ್ಲಿ ಪರೀಕ್ಷಿಸಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು.

ಪ್ರತಿ ಕಣದ ಉದ್ದ, ಅಗಲ, ದಪ್ಪ, ಗಾತ್ರ, ಒಳಗಿನ ಖನಿಜ, ಪೊಳ್ಳು ಎಲ್ಲವೂ ಅಳತೆಗೆ ಸಿಕ್ಕಿದವು. ಆಕಾರಗಳು ಹೊಡೆತಕ್ಕೆ ಸಿಡಿದ ಕಲ್ಲಿನ ಚೂರುಗಳಂತಿದ್ದವು. ಕೆಲವುಗಳ ಅಂಚು ಸವೆದು ದುಂಡಗಾಗಿತ್ತು. ಅಂದರೆ ಗಾಳಿ, ನೀರು ಇಲ್ಲದ ಅಲ್ಲಿಯೂ ಕಣಗಳು ಒಂದಕ್ಕೊಂದು ಉಜ್ಜಿಕೊಂಡಿವೆ. ಕಣಗಳ ಸರಾಸರಿ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3.4 ಗ್ರಾಂ. ಇಡೀ ಕ್ಷುದ್ರಗ್ರಹದ್ದು ಸುಮಾರು 1.9 ಗ್ರಾಂ ಮಾತ್ರ. ಹಾಗಾದರೆ ಇಟೊಕಾವಾ ಒಂದೇ ಗಟ್ಟಿ ಬಂಡೆಯಲ್ಲ, ಸುಮಾರು ಶೇ. 40ರಷ್ಟು ಖಾಲಿ ಜಾಗವಿರುವ ಕಲ್ಲುರಾಶಿ ಎಂಬ ತಿಳಿವಳಿಕೆಗೆ ಬಲ ಬಂತು. ಕಣಗಳು ಒಡೆಯದೆ ಉಳಿದಿದ್ದರಿಂದ ಮುಂದಿನ ಪರೀಕ್ಷೆಗಳಿಗೂ ಅವೇ ಒದಗಿದವು.

ಸಿ.ಟಿ. ಸ್ಕ್ಯಾನ್‌ಗಾಗಿ 1979ರ ವೈದ್ಯಕೀಯ ನೊಬೆಲ್ ಪಡೆದವರಲ್ಲಿ ಕಾರ್ಮ್ಯಾಕ್ ಭೌತವಿಜ್ಞಾನಿ, ಹೌನ್ಸ್‌ಫೀಲ್ಡ್ ಎಂಜಿನಿಯರ್. ಇಬ್ಬರೂ ವೈದ್ಯರಾಗಿರಲಿಲ್ಲ. ಆದ್ದರಿಂದ ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೆ: ನಿಮ್ಮ ಮಗಳೋ ಮಗನೋ ಮೂಲವಿಜ್ಞಾನ ಓದುತ್ತೇನೆ ಎಂದರೆ ತಡೆಯಬೇಡಿ, ಅರ್ಜಿ ಹಾಕಿಸಿ. ದಾನಿಗಳೂ ಈ ಓದಿಗೆ ಕೈಜೋಡಿಸಬೇಕೆಂದು ಕೋರುತ್ತೇವೆ.