ಮನೆ ಮಾರುವ ಮುನ್ನ

ತ್ರಿಪ್ಲಿಕೇನಿನ ಹಳೆಯ ಮನೆಯನ್ನು ಮಾರಲಿಚ್ಛಿಸುವ ಕನ್ನಡ ಕುಟುಂಬಗಳು ಸಾಮಾನ್ಯವಾಗಿ ಮೊದಲು ಸುಣ್ಣ ಬಳಿಯುವವನನ್ನು ಕರೆಯುತ್ತವೆ. ಆದರೆ ಮೊದಲು ತೆರೆಯಬೇಕಾದುದು ಕಾಗದಪತ್ರಗಳ ಪೆಟ್ಟಿಗೆ. ಕೊಳ್ಳುವವರು ಸಾಲ ಪಡೆಯುವವರಾದರೆ, ಬ್ಯಾಂಕಿನ ವಕೀಲರು ಮೂಲಪತ್ರ, ಪಟ್ಟಾ, ಋಣಭಾರ ಪತ್ರಗಳನ್ನು ಪರಿಶೀಲಿಸದೆ ಹಣ ಬಿಡುಗಡೆಯಾಗದು.

ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ಅವರ ಸ್ವಯಾರ್ಜಿತ ಮನೆಯಲ್ಲಿ ಪತ್ನಿಗೂ ಪುತ್ರರಿಗೂ ಪುತ್ರಿಯರಿಗೂ ಸಮಪಾಲುಂಟು. ಮದುವೆಯಾಗಿ ದೂರದಲ್ಲಿ ನೆಲಸಿದ ಸೋದರಿಯ ಸಮ್ಮತಿಯಿಲ್ಲದೆ ಮುಂಗಡ ಪಡೆಯುವುದು ಅವಿವೇಕ. ಆಕೆಗೆ ಅನ್ಯಾಯವೂ ಹೌದು. ಆಕೆ ವಿದೇಶದಲ್ಲಿದ್ದರೆ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರವನ್ನು ಮೊದಲೇ ತರಿಸಿಕೊಳ್ಳಬೇಕು. ಅವಸರದಲ್ಲಿರುವವರ ಕಾಗದದಲ್ಲಿ ಕೊರತೆ ಕಂಡೊಡನೆ ಬೆಲೆ ಇಳಿಸಿ ಕೇಳುವುದು ಕೊಳ್ಳುವವರ ಸಹಜ ಚಾತುರ್ಯ.

ನೆಲ ದೇವಸ್ಥಾನದ್ದಾಗಿ ಕಟ್ಟಡ ಮಾತ್ರ ತಮ್ಮದಾಗಿದ್ದರೆ ಅದನ್ನು ಮುಚ್ಚಿಡಲಾಗದು. 1959ರ ಧರ್ಮದಾಯ ಕಾನೂನಿನಂತೆ ಆಯುಕ್ತರ ಅನುಮತಿಯಿಲ್ಲದೆ ದೇವಸ್ಥಾನದ ಭೂಮಿಯ ವಿಕ್ರಯ ಅಸಿಂಧು.

ಇನ್ನು ದುರಸ್ತಿಯ ಮಾತು. ಈ ಊರಿನಲ್ಲಿ ಬೆಲೆ ಕಟ್ಟುವುದು 2,400 ಚದರ ಅಡಿಯ ‘ಗ್ರೌಂಡ್’ ಲೆಕ್ಕದಲ್ಲಿ. ಹಳೆಯ ಕಟ್ಟಡಕ್ಕೆ ದೊರೆಯುವುದು ಅಲ್ಪ. ಆದುದರಿಂದ ಖರ್ಚು ಮಿತವಾಗಿರಲಿ. ತಾರಸಿಯ ಸೋರಿಕೆ ನಿಲ್ಲಿಸಿ, ತೇಗದ ತೊಲೆಗಳಿಗೆ ಗೆದ್ದಲು ಹಿಡಿದಿಲ್ಲವೆಂದು ನೋಡಿಕೊಂಡು, ಚರಂಡಿ ಸರಿಪಡಿಸಿದರೆ ಸಾಕು. ಒದ್ದೆ ಗೋಡೆಗೆ ಬಳಿದ ಬಣ್ಣ ಅಕ್ಟೋಬರಿನ ಮಳೆಗೆ ಹಪ್ಪಳದಂತೆ ಏಳುತ್ತದೆ.